ಕೌದಿಯ ಹೊಟ್ಟೆಯಲ್ಲಿ ಹೋಳಿಗೆ

‘ಮೇಡಂ, ನಿಮ್ಮ ಕೌದಿಯಿಂದ ಇರುವೆ ಬರ್ತಾ ಇವೆ.’

ಕಳೆದ ಭಾನುವಾರ ಬೆಳಿಗ್ಗೆ ಬಂದ ಫೋನು ಶುರುವಾಗಿದ್ದೇ ಹೀಗೆ. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ. ನಾನು ಬಿಸಿನೀರಿನ ಬಕೆಟ್ಟಿಗೆ ಉಪ್ಪು ಹಾಕಿ, ಕಾಲು ಇಳಿಬಿಟ್ಟು ಕೂತಿದ್ದೆ. ಹಿಂದಿನ ಸಂಜೆ ನಿಂತುಕೊಂಡೇ ಒಂದು ನಾಟಕ ನೋಡಿದ್ದರ ಫಲ ಅದು. (ಪ್ರೇಕ್ಷಕರಿಗೆ ಕುರ್ಚಿ ಹಾಕುವುದು ಈಗ ಹಳೇ ಫ್ಯಾಶನ್ ಅಂತೆ. ಕೂತು ನೋಡಿದರೆ ಬರೀ ನಾಟಕ, ನಿಂತು ನೋಡಿದರೆ ‘ಅನುಭವ’.)

‘ಯಾವ ಇರುವೆ?’ ಅಂದೆ.

‘ಕೆಂಪಿರುವೆ. ಸಾಲುಗಟ್ಟಿ ಬರ್ತಾ ಇವೆ. ಬಿಳೀ ಗೋಡೆ ಮೇಲೆ ಎದ್ದು ಕಾಣ್ತಾ ಇವೆ. ಪ್ಲೀಸ್, ಬೇಗ ಬನ್ನಿ.’

ಕೌದಿ ನನ್ನದಲ್ಲ. ಇರುವೆ ನನ್ನವಲ್ಲ. ಗೋಡೆಯಂತೂ ಮೊದಲೇ ನನ್ನದಲ್ಲ. ಫೋನು ಮಾತ್ರ ನನಗೆ! ಗೋವಾದಲ್ಲಿದ್ದು, ಕನ್ನಡವೂ ಇಂಗ್ಲಿಷೂ ಬಂದು, ಜೊತೆಗೆ ‘ಇಲ್ಲ’ ಅನ್ನಲು ಬರದಿದ್ದರೆ ಆಗುವುದೇ ಹೀಗೆ. ನಾಟಕದ ಕರಪತ್ರ ಕನ್ನಡಕ್ಕೆ ತರಬೇಕೇ? ನನಗೆ ಫೋನು. ಕೂಲಿಯವರ ಕಾಲನಿಯಲ್ಲಿ ಯಾರಿಗಾದರೂ ಹಾಡು ಬರುತ್ತದೆಯೇ ಎಂದು ಕೇಳಬೇಕೇ? ನನಗೇ ಫೋನು. ಬ್ಯಾಂಕಿನ ನೌಕರಿ ನನ್ನ ಹೊಟ್ಟೆಪಾಡು. ಆದರೆ ನಾಲ್ಕು ಜನರಿಗೆ ನಾನು ಗೊತ್ತಿರುವುದು ‘ಆ ಕನ್ನಡದ ಮೇಡಂ’ ಎಂದೇ.

ಫೋನು ಮಾಡಿದವಳು ತಾನ್ಯಾ. ಪಣಜಿಯ ಒಂದು ದೊಡ್ಡ ಕಲಾಕೇಂದ್ರದ ಕ್ಯುರೇಟರ್. (ಕೇಂದ್ರದ ಹೆಸರು ಬೇಡ. ಬರೆದರೆ ಅಲ್ಲಿಂದ ಇನ್ನೊಂದು ಫೋನು ಬರುತ್ತದೆ.) ಕ್ಯುರೇಟರ್ ಎಂದರೆ ಯಾವ ಗೋಡೆಗೆ ಏನು ತೂಗುಹಾಕಬೇಕು, ಅದರ ಪಕ್ಕದ ಚೀಟಿಯಲ್ಲಿ ಏನು ಬರೆದರೆ ಜನ ತಲೆ ಆಡಿಸುತ್ತಾರೆ ಎಂದು ಗೊತ್ತಿರುವವರು. ದಿಲ್ಲಿಯ ಹುಡುಗಿ. ಕೆಟ್ಟವಳಲ್ಲ. ಊಟದ ಹೊತ್ತಿಗೆ ಊಟ ಮಾಡದೆ, ಮಲಗುವ ಹೊತ್ತಿಗೆ ಮಲಗದೆ ಕೆಲಸ ಮಾಡುತ್ತಾಳೆ. ಡಿಸೆಂಬರಿನಲ್ಲಿ ನೋಡಿದಾಗ ಗುಲಾಬಿಯಂತಿದ್ದ ಮುಖ ಮಾರ್ಚಿನ ಹೊತ್ತಿಗೆ ಬಾಡಿ ಬದನೆಕಾಯಿ ಆಗಿತ್ತು.

ಆಗದೆ ಏನು? ಚಳಿಗಾಲ ಬಂತೆಂದರೆ ಆ ಕೇಂದ್ರದಲ್ಲಿ ‘ಸೀಸನ್’. ನೃತ್ಯ, ಸಂಗೀತ, ಸಿನಿಮಾ, ಚರ್ಚೆ, ಚಿತ್ರ, ಅಡುಗೆ. ಕತ್ತಲೆ ಕೋಣೆಯಲ್ಲಿ ನಿಲ್ಲಿಸಿ ಬರೀ ವಾಸನೆ ತೋರಿಸುವ ಒಂದು ಪ್ರದರ್ಶನವೂ ಇತ್ತು. (ಸುಳ್ಳಲ್ಲ. ಒಣಮೀನಿನ ವಾಸನೆ. ನಮ್ಮ ಮಾರ್ಕೆಟ್ಟಿನಲ್ಲಿ ಅದು ಪುಕ್ಕಟೆ ಸಿಗುತ್ತದೆ.) ಮೊದಲ ವಾರ ನಾನು ಇಳಕಲ್ ಸೀರೆ ಉಟ್ಟು, ಕಿವಿಗೆ ಜುಮಕಿ ಹಾಕಿ ಹೋಗುತ್ತೇನೆ. ತಿಂಗಳು ಕಳೆಯುವಷ್ಟರಲ್ಲಿ ಚೂಡಿದಾರಕ್ಕೆ ಇಳಿಯುತ್ತೇನೆ. ಕೊನೆಕೊನೆಗೆ ಬ್ಯಾಂಕಿನ ಬಟ್ಟೆಯಲ್ಲೇ, ತೊಳೆಯದ ಟಿಫಿನ್ ಡಬ್ಬಿಯ ಸಮೇತ. ಅದೇ ಜನ, ಅದೇ ಕಪ್ಪು ಬಟ್ಟೆ, ಅದೇ ‘ಅಮೇಜಿಂಗ್’. ಕಲೆ ನೋಡಿ ಯಾರಾದರೂ ಸುಸ್ತಾಗುತ್ತಾರೆಯೇ ಅಂತೀರಾ? ಹಬ್ಬದೂಟವನ್ನು ಮೂರು ತಿಂಗಳು ಒಂದೇ ಸಮನೆ ಉಂಡು ನೋಡಿ, ಆಮೇಲೆ ಕೇಳಿ.

ಹೋಗದೆ ಇರಬಹುದಲ್ಲ? ಇರಬಹುದು. ಆದರೆ ಹೋಗದಿದ್ದರೆ ಏನೋ ಕಳೆದುಕೊಂಡೆ ಅನ್ನಿಸುತ್ತದೆ. ಹೋದರೆ ಕಾಲು ನೋಯುತ್ತದೆ. ಪೇಟೆಯ ಮನುಷ್ಯರ ರೋಗವೇ ಇದು.

ಈ ಸಲದ ಸೀಸನ್ನಿನ ವಿಷಯ ‘ಮನೆ’. ಮನೆ ಎಂದರೇನು, ಮನೆ ಬಿಟ್ಟವರು ಯಾರು, ಮನೆ ಎಂಬುದು ಇದೆಯೇ ಇಲ್ಲವೇ. ಇದರ ಮೇಲೆ ಚರ್ಚೆಯೋ ಚರ್ಚೆ. ತಾನ್ಯಾಳಿಗೆ ದುಡಿಯಲು ಬಂದವರ ಮನೆಯ ವಸ್ತುಗಳು ಬೇಕಿದ್ದವು. ಹಳೇ ಸೀರೆಗಳನ್ನು ಪದರ ಪದರ ಸೇರಿಸಿ, ಒತ್ತೊತ್ತಾಗಿ ಹೊಲಿಗೆ ಹಾಕಿ ಮಾಡುವ ನಮ್ಮ ಕಡೆಯ ಕೌದಿಯ ಫೋಟೋ ಎಲ್ಲೋ ನೋಡಿದ್ದಳು. ‘ನಿಮಗೆ ಯಾರಾದರೂ ಗೊತ್ತಾ?’ ಎಂದು ಕೇಳಿದಳು.

ಗೊತ್ತಿದ್ದವಳು ಸಾವಂತ್ರೆವ್ವ.

ಸಾವಂತ್ರೆವ್ವ ವಿಜಯಪುರದ ಕಡೆಯವಳು. ಮೀರಾಮಾರ್ ಸಮುದ್ರ ದಂಡೆಯಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಾಳೆ. ಸಂಜೆ ವಾಕಿಂಗಿಗೆ ಹೋದಾಗ ಒಂದು ದಿನ ಅವಳು ನಾಯಿಯೊಂದನ್ನು ಅಪ್ಪಟ ಕನ್ನಡದಲ್ಲಿ ಬೈಯುತ್ತಿದ್ದಳು. ಆ ಬೈಗುಳ ಕೇಳಿ ನನಗೆ ತವರಿಗೆ ಹೋದಷ್ಟು ಖುಷಿಯಾಗಿ, ಅಲ್ಲೇ ಉಸುಕಿನಲ್ಲಿ ಕೂತುಬಿಟ್ಟೆ. ಅಂದಿನಿಂದ ಗೆಳೆತನ. ಗಂಡ ಕೊರ್ಲಿಮ್‌ನ ಒಂದು ಕಾರ್ಖಾನೆಯಲ್ಲಿ ಹಮಾಲಿ. ಅಲ್ಲೇ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದಾರೆ. ಮೊದಲು ಬಾಯ್ನಾದಲ್ಲಿದ್ದರು. ಸರಕಾರದವರು ಅಲ್ಲಿಯ ಮನೆಗಳನ್ನು ಕೆಡವಿದಾಗ ಮಗಳು ರೇಣುಕಾ ಎದೆಹಾಲು ಕುಡಿಯುವ ಕೂಸು. ಸಾವಂತ್ರೆವ್ವ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು, ಅತ್ತೆ ಹೊಲಿದುಕೊಟ್ಟಿದ್ದ ಕೌದಿ ಒಳಗೇ ಉಳಿಯಿತು.

ಈಗ ಆ ರೇಣುಕಾ ಬಸುರಿ. ಗಂಡನ ಮನೆ ಸಾಂಖಳಿ, ಬಾಣಂತನ ತವರಿನಲ್ಲಿ. ಅದಕ್ಕಾಗಿ ಸಾವಂತ್ರೆವ್ವ ದೀಪಾವಳಿಗಿಂತ ಮೊದಲೇ ಕೌದಿ ಹೊಲಿದು ಮುಗಿಸಿದ್ದಳು. ‘ಕೂಸು ಹುಟ್ಟೋಕಿಂತ ಮೊದಲ ಕುಲಾವಿ ಆತಲ್ಲವ್ವಾ’ ಎಂದು ನಾನು ಛೇಡಿಸಿದ್ದೆ. ಅವಳು ನಕ್ಕಿರಲಿಲ್ಲ. ಮೇಲಿನ ಪದರ ತೀರಿಹೋದ ಅತ್ತೆಯ ಸೀರೆ. ಇದ್ದದ್ದು ಅದೊಂದೇ. ‘ಈ ಸಲ ಕಳಕೊಳ್ಳಂಗಿಲ್ರಿ ಅಕ್ಕಾರ. ಮುದುಕಿ ಸೀರ್‍ಯಾಗ ಮಕ್ಕೊಂಡ್ರ ಮುದುಕಿ ಮಡಲಾಗ ಮಕ್ಕೊಂಡಂಗ’ ಅಂದಿದ್ದಳು.

ಅಂಥ ಕೌದಿಯನ್ನು ಅವಳು ಕೊಟ್ಟಿದ್ದಾದರೂ ಏಕೆ? ತಾನ್ಯಾ ಕೊರ್ಲಿಮ್‌ಗೆ ಬಂದು, ಖೋಲಿಯ ನೆಲದ ಮೇಲೆ ಕೂತು, ಕೌದಿಯ ಹೊಲಿಗೆಯ ಮೇಲೆ ಬೆರಳಾಡಿಸಿ ಕಣ್ಣಲ್ಲಿ ನೀರು ತಂದುಕೊಂಡಳು. ನಾಟಕವಲ್ಲ, ಖರೇ ನೀರು. ಸಾವಂತ್ರೆವ್ವನಿಗೆ ಅಷ್ಟು ಸಾಕಾಯಿತು. ಹೆರಿಗೆ ಮಾರ್ಚಿಗೆ, ಸೀಸನ್ ಮುಗಿಯುವುದು ಫೆಬ್ರುವರಿಗೆ. ‘ಒಯ್ಯಲ್ರಿ ಪಾಪ, ನಾಕು ಮಂದಿ ನೋಡ್ತಾರ’ ಅಂದಳು.

ಕೂಸು ಸರಿಯಾದ ಹೊತ್ತಿಗೇ ಬಂತು. ಸೀಸನ್ ಮಾತ್ರ ಮುಗಿಯಲಿಲ್ಲ. ‘ಜನರ ಒತ್ತಾಯದ ಮೇರೆಗೆ’ ಮುಂದೆ ಹಾಕಿದರು. (ಯಾವ ಜನ? ಒತ್ತಾಯ ಮಾಡಿದ ಒಬ್ಬರನ್ನೂ ನಾನು ಇದುವರೆಗೆ ಕಂಡಿಲ್ಲ.)

ಹೆಣ್ಣು ಕೂಸು. ಸೋಮವಾರ ತೊಟ್ಟಿಲು. ಕೌದಿ ಬಿಡಿಸಿಕೊಡಿ ಎಂದು ವಾರದಿಂದ ನಾನು ತಾನ್ಯಾಳ ಬೆನ್ನು ಬಿದ್ದಿದ್ದೆ. ಇವತ್ತು ಕೇಳ್ತೀನಿ, ನಾಳೆ ಹೇಳ್ತೀನಿ ಅನ್ನುತ್ತಿದ್ದಳು. ಅಷ್ಟರಲ್ಲಿ ಈ ಇರುವೆ.

ಕಾಲು ಒರೆಸಿಕೊಂಡು ಹೋದೆ. ಗ್ಯಾಲರಿಯಲ್ಲಿ ಎರಡು ದಿನದಿಂದ ಎ.ಸಿ. ಕೆಟ್ಟಿತ್ತು. ಕೌದಿಯ ಕೆಳಗಿನ ಮೂಲೆಯಿಂದ ಹೊರಟ ಸಾಲು ಗೋಡೆ ಇಳಿದು, ‘ದಯವಿಟ್ಟು ಮುಟ್ಟಬೇಡಿ’ ಫಲಕ ದಾಟಿ, ಬಾಗಿಲ ಸಂದಿಯಲ್ಲಿ ಮಾಯವಾಗುತ್ತಿತ್ತು. ಇಬ್ಬರು ಪ್ರೇಕ್ಷಕರು ಬಗ್ಗಿ ಮೊಬೈಲಿನಲ್ಲಿ ಅದರ ವಿಡಿಯೋ ಮಾಡುತ್ತಿದ್ದರು.

ನನಗೆ ನೋಡಿದ ಕೂಡಲೇ ತಿಳಿಯಿತು. ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಸುಮ್ಮನೆ ಮುಚ್ಚುವುದಿಲ್ಲ. ಒಂದು ತುಣುಕು ಹೋಳಿಗೆಯನ್ನೋ, ಸಕ್ಕರೆ ಹಚ್ಚಿದ ಚಪಾತಿಯನ್ನೋ ಒಳಗಿಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂಬ ನಂಬಿಕೆ. ಅಲ್ಲಿಂದಲೇ ಸಾವಂತ್ರೆವ್ವನಿಗೆ ಫೋನು ಹಚ್ಚಿದೆ.

‘ಕೌದಿ ಮೂಲ್ಯಾಗ ಏನ್ ಇಟ್ಟೀಯವ್ವಾ?’

‘ಹೋಳಿಗಿರಿ.’

‘ಎಷ್ಟು?’

‘ಮುಚ್ಚಿದ ಮೂಲಿ ಬಿಚ್ಚಿ ಒಂದು ಪೂರ್ತಿ ಇಟ್ಟೇನ್ರಿ. ಬೆಲ್ಲಾ ಕೊಬ್ಬರಿನೂ ಹಾಕೇನಿ. ದೊಡ್ಡ ಮಂದಿ ಮನಿಗೆ ಹೊಂಟಿತ್ತಲ್ರಿ, ತುಣುಕು ಇಟ್ಟು ಕಳಸಾಕ ನಾಚಿಕಿ ಬಂತು. ಯಾಕ್ರಿ?’

‘ಆಮ್ಯಾಲೆ ಹೇಳ್ತೇನವ್ವಾ’ ಎಂದು ಫೋನು ಇಟ್ಟೆ. ಹೆಣ್ಣುಮಗಳನ್ನು ಉಡಿ ತುಂಬಿ ಕಳಿಸುವ ಹಾಗೆ ಕೌದಿಯನ್ನೂ ಕಳಿಸಿದ್ದಾಳೆ. ಬೀಗರ ಮನೆಯಲ್ಲಿ ಮಾನ ಉಳಿಯಲಿ ಎಂದು ನಾಲ್ಕು ಪಟ್ಟು ತುಂಬಿದ್ದಾಳೆ. ಆ ಬೀಗರಿಗೆ ಅದು ‘ಕೀಟ ಸಮಸ್ಯೆ’.

ತಾನ್ಯಾಳಿಗೆ ತಿಳಿಸಿ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ‘ಕಲಾಕೃತಿಯ ಒಳಗೆ ಊಟ ಇದೆಯಾ?’

‘ಇದೆ.’

‘ಇದು ಎಷ್ಟು ಚೆನ್ನಾಗಿದೆ! ಚೀಟಿಯಲ್ಲಿ ಬರೀಬೇಕಿತ್ತು’ ಎಂದವಳು, ಮರುಗಳಿಗೆಗೆ ಮತ್ತೆ ಅಳುಮುಖವಾದಳು. ನಾಳೆ ಸೋಮವಾರ, ಗ್ಯಾಲರಿಗೆ ರಜೆ. ಔಷಧಿ ಹೊಡೆಯುವವರು ಬರುತ್ತಾರೆ. ಗೋಡೆಗೂ ಹೊಡೆಯುತ್ತಾರೆ, ಕೌದಿಗೂ ಹೊಡೆಯುತ್ತಾರೆ.

‘ಹೊಡೆದ ಮೇಲೆ ಅದರಲ್ಲಿ ಹಸುಗೂಸನ್ನು ಮಲಗಿಸಬಹುದಾ?’

‘ಅಯ್ಯೋ, ಬೇಡ. ಕೆಲವು ದಿನ ಮಕ್ಕಳ ಹತ್ತಿರ ತರಬಾರದು ಅಂದಿದ್ದಾರೆ.’

‘ಹಾಗಾದರೆ ಇವತ್ತೇ ಕೊಟ್ಟುಬಿಡಿ.’

ಅದು ಅಷ್ಟು ಸುಲಭವೇ? ನಿರ್ದೇಶಕರ ಒಪ್ಪಿಗೆ ಬೇಕು. ನಿರ್ದೇಶಕರು ಊರಲ್ಲಿಲ್ಲ. ಫೋನು ಎತ್ತುವುದಿಲ್ಲ, ಮೇಲ್ ಬರೆದರೆ ನೋಡುತ್ತಾರೆ. ವಿಮೆ ಇದೆ. ತೆಗೆಯುವ ಮೊದಲು ಫೋಟೋ ತೆಗೆಯಬೇಕು. ಫೋಟೋ ತೆಗೆಯುವವರು ಜ್ವರ ಬಂದು ಮಲಗಿದ್ದಾರೆ. ಮೇಲಾಗಿ ನಾಲ್ಕು ಗಂಟೆಗೆ ಪ್ರೇಕ್ಷಕರ ತಂಡವೊಂದು ಬರುವುದಿದೆ. ಗೋಡೆ ಖಾಲಿ ಇದ್ದರೆ ಹೇಗೆ?

ನನಗೆ ರೇಗಿತು. ಆದರೆ ರೇಗುವುದಕ್ಕೂ ತ್ರಾಣ ಬೇಕಲ್ಲ. ಎದುರಿಗಿದ್ದವಳು ನನಗಿಂತ ಹೆಚ್ಚು ದಣಿದಿದ್ದಳು. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ಕಾಗದದ ಕಪ್ಪಿನಲ್ಲಿ ಕಹಿ ಕಾಫಿ ಕುಡಿದೆವು. ಅವಳು ಮೇಲ್ ಬರೆದಳು. ಉತ್ತರ ಬರಲಿಲ್ಲ. ಇನ್ನೊಂದು ಬರೆದಳು. ಅದಕ್ಕೂ ಬರಲಿಲ್ಲ. ಮನೆ ಎಂದರೇನು ಎಂದು ಇಡೀ ಚಳಿಗಾಲ ಚರ್ಚೆ ಮಾಡಿದವರಲ್ಲಿ ಒಂದು ಕೌದಿಯನ್ನು ಮನೆಗೆ ಕಳಿಸಲು ಅಧಿಕಾರ ಇದ್ದವರು ಒಬ್ಬರೂ ಇರಲಿಲ್ಲ.

ಮಧ್ಯಾಹ್ನ ಸಾವಂತ್ರೆವ್ವ ತಾನೇ ಬಸ್ಸು ಹತ್ತಿ ಬಂದಳು. ಮತ್ತೊಮ್ಮೆ ಫೋನು ಮಾಡಿದಾಗ ನಾನು ‘ಔಷಧಿ’ ಅಂದದ್ದೇ ಅವಳಿಗೆ ಸಾಕಾಗಿತ್ತು. ಒಳಗೆ ಬರುವಾಗ ಚಪ್ಪಲಿ ಬಾಗಿಲಲ್ಲೇ ಬಿಟ್ಟಳು. ಅಲ್ಲಿ ಯಾರೂ ಬಿಡುವುದಿಲ್ಲ.

ಕೌದಿ ಮೂರು ತಿಂಗಳಿಂದ ಗೋಡೆಯಲ್ಲಿತ್ತಾದರೂ ಅವಳು ಅದನ್ನು ಅಲ್ಲಿ ನೋಡಿದ್ದು ಅದೇ ಮೊದಲು. ಉದ್ಘಾಟನೆಗೆ ಕರೆದಿದ್ದರು. ಆದರೆ ಡಿಸೆಂಬರಿನ ಸಂಜೆ ಅಂದರೆ ದಂಡೆಯಲ್ಲಿ ವ್ಯಾಪಾರದ ಹೊತ್ತು. ದೀಪದ ಬೆಳಕಿನಲ್ಲಿ ಅತ್ತೆಯ ಸೀರೆ ಹೊಸದರಂತೆ ಹೊಳೆಯುತ್ತಿತ್ತು. ಒಂದು ಗಳಿಗೆ ಅವಳ ಮುಖ ಅರಳಿತು.

‘ಭಾಳ ಚಲೋ ಕಾಣಾಕತ್ತೈತ್ರಿ’ ಅಂದಳು. ಆಮೇಲೆ, ‘ನಾಳೆ ತೊಟ್ಟಲ ಐತ್ರಿ. ಇಳಿಸಿ ಕೊಡ್ರಿ.’

ನಾನು ವಿಮೆ, ಮೇಲ್, ನಿರ್ದೇಶಕರು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಇಂಗ್ಲಿಷಿನಲ್ಲಿ ಕೇಳಿದಾಗ ಇಷ್ಟು ಕೆಟ್ಟದಾಗಿ ಕೇಳಿಸಿರಲಿಲ್ಲ. ಕೊನೆಗೆ, ‘ಒಂದು ಹೊಸಾ ಬ್ಲ್ಯಾಂಕೆಟ್ ನಾನs ಕೊಡಸ್ತೇನವ್ವಾ, ಮೆತ್ತಂದು’ ಅಂದೆ.

ಅವಳು ನನ್ನನ್ನು ನೋಡಿದ ನೋಟ! ‘ಹಸಗೂಸಿಗೆ ಯಾರರೆ ಹೊಸಾ ಅರಬಿ ಹಾಕ್ತಾರೇನ್ರಿ ಅಕ್ಕಾರ? ನಿಮಗ ಯಾರೂ ಹೇಳಿಲ್ಲೇನು?’

ಹೇಳಿದ್ದಾರೆ. ನನ್ನನ್ನೂ ಅಜ್ಜಿಯ ಹಳೇ ಸೀರೆಯಲ್ಲೇ ಸುತ್ತಿದ್ದರಂತೆ. ಆದರೆ ಮೂರು ತಿಂಗಳು ಇಂಥ ಕಡೆ ಓಡಾಡಿದರೆ ಇದ್ದ ಬುದ್ಧಿಯೂ ಮಂಕಾಗುತ್ತದೆ ನೋಡಿ.

ಅಷ್ಟರಲ್ಲಿ ನಾಲ್ಕು ಗಂಟೆಯ ತಂಡ ಬಂತು. ಲಿನನ್ ಅಂಗಿ, ಬೆಳ್ಳಿ ಬಳೆ, ಕೊರಳಲ್ಲಿ ಗುರುತಿನ ಚೀಟಿ. ತಾನ್ಯಾ ಮುಖ ಒರೆಸಿಕೊಂಡು, ನಗು ಹಚ್ಚಿಕೊಂಡು, ಮುಂದೆ ನಿಂತು ಶುರು ಮಾಡಿದಳು. ‘ಇದು ಸ್ಥಳಾಂತರದ ನೆನಪು. ಕಳೆದುಹೋದ ಮನೆಯನ್ನು ಒಬ್ಬ ಹೆಣ್ಣುಮಗಳು ದಾರದಲ್ಲಿ ಮತ್ತೆ ಕಟ್ಟಿಕೊಂಡ ಬಗೆ...’

ಸಾವಂತ್ರೆವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಬಂದಿದ್ದರೂ ಅವಳು ನಿಲ್ಲುತ್ತಿರಲಿಲ್ಲ. ಮೂಲೆಯಲ್ಲಿದ್ದ ಕಾವಲುಗಾರನ ಸ್ಟೂಲನ್ನು ಎಳೆದು ತಂದು ಗೋಡೆಗೆ ಹಚ್ಚಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಕೌದಿಯನ್ನು ಗೋಡೆಗೆ ಹಿಡಿದಿದ್ದ ಲಾಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

ತಾನ್ಯಾಳ ಮಾತು ನಿಂತಿತು. ಕಾವಲುಗಾರ ನನ್ನ ಮುಖ ನೋಡಿದ. ನಾನು ಕಿಟಕಿ ನೋಡಿದೆ.

ಕೌದಿ ಅವಳ ಹೆಗಲ ಮೇಲೆ ಜಾರಿ ಬಿತ್ತು. ಕೆಳಗಿಳಿದು, ಎರಡೂ ಕೈಯಲ್ಲಿ ಹಿಡಿದು ಫಟ್ ಫಟ್ ಎಂದು ಝಾಡಿಸಿದಳು. ಇರುವೆಗಳು ನಾಲ್ಕೂ ಕಡೆ ಚೆಲ್ಲಿದವು. ತಂಡದವರು ಮರ್ಯಾದೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಅವಳು ನೆಲದ ಮೇಲೆ ಕಾಲು ಚಾಚಿ ಕೂತು, ತಾಳಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಮೂಲೆಯ ಹೊಲಿಗೆ ಬಿಚ್ಚಿದಳು. ಕಲ್ಲಿನಂತಾಗಿದ್ದ ಹೋಳಿಗೆಯನ್ನು ಹೊರತೆಗೆದು, ‘ಪಾಪ, ನೀವರೆ ಉಂಡ್ರಲ್ಲಾ’ ಎಂದು ಇರುವೆಗಳಿಗೆ ಹೇಳಿ, ಸೆರಗಿನಲ್ಲಿ ಕಟ್ಟಿಕೊಂಡಳು. ಕೌದಿಯನ್ನು ಮಡಚಿ ತಲೆಯ ಮೇಲಿಟ್ಟು ಎದ್ದಳು.

ಆಗ ಯಾರೋ ಚಪ್ಪಾಳೆ ಹೊಡೆದರು.

ಒಬ್ಬರು ಹೊಡೆದರೆ ಮುಗಿಯಿತಲ್ಲ? ಎಲ್ಲರೂ ಹೊಡೆದರು. ಕನ್ನಡಕದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ‘ಅಮೇಜಿಂಗ್’ ಎಂಬ ಮಾತು ನನ್ನ ಬೆನ್ನ ಹಿಂದೆ ಎರಡು ಸಲ ಕೇಳಿಸಿತು. ಅವರು ಇದನ್ನು ಕಾರ್ಯಕ್ರಮ ಎಂದುಕೊಂಡಿದ್ದರು! ತಾನ್ಯಾ ಒಂದು ಹೆಜ್ಜೆ ಮುಂದಿಟ್ಟಳು, ಜನರ ಮುಖ ನೋಡಿದಳು, ನಿಂತಳು. ಚಪ್ಪಾಳೆ ಬೀಳುವಾಗ ಯಾರನ್ನು ತಡೆಯುವುದು, ಹೇಗೆ ತಡೆಯುವುದು? ಕೊನೆಗೆ ಅವಳೂ ಚಪ್ಪಾಳೆ ಹೊಡೆದಳು. ಪಾಪ, ಇಡೀ ಸೀಸನ್ನಿನಲ್ಲಿ ಅವಳು ಮಾಡಿದ ಜಾಣ ಕೆಲಸ ಅದೊಂದೇ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಸಾವಂತ್ರೆವ್ವ ಕೇಳಿದಳು. ‘ಯಾಕ್ರಿ ಅಕ್ಕಾರ, ಅವರೆಲ್ಲಾ ಚಪ್ಪಾಳಿ ಬಡದ್ರು?’

‘ನಿನಗ ಬಡದ್ರವ್ವಾ.’

‘ನನಗ್ಯಾಕ? ಮೊಮ್ಮಗಳು ಹುಟ್ಟಿದ್ದು ಅವರಿಗೂ ಹೇಳಿದ್ರೇನು ನೀವು?’

ಹೂಂ ಅಂದೆ. ಇನ್ನೇನು ಅನ್ನಲಿ? ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ತಲೆಯ ಮೇಲೆ ಕೌದಿ ಇಟ್ಟುಕೊಂಡೇ ತಿರುಗಿ ಗಾಜಿನ ಬಾಗಿಲಿಗೆ ಕೈ ಮುಗಿದಳು. ಒಳಗಿನವರು ಮತ್ತೆ ಚಪ್ಪಾಳೆ ಹೊಡೆದರು.

ಸೋಮವಾರ ಅರ್ಧ ದಿನ ರಜೆ ಹಾಕಿ ಕೊರ್ಲಿಮ್‌ಗೆ ಹೋದೆ. ಭಾಷಣ ಇರಲಿಲ್ಲ, ಕೊರಳಿಗೆ ಚೀಟಿ ಇರಲಿಲ್ಲ, ಕೂರಲು ಚಾಪೆ ಇತ್ತು. ಎಷ್ಟು ತಿಂಗಳ ನಂತರ ಒಂದು ಕಾರ್ಯಕ್ರಮದಲ್ಲಿ ಕಾಲು ಚಾಚಿ ಕೂತೆನೋ! ಸಾವಂತ್ರೆವ್ವ ಹಿಂದಿನ ಸಂಜೆಯೇ ಕೌದಿಯನ್ನು ಒಗೆದು, ರಾತ್ರಿಯೆಲ್ಲ ಫ್ಯಾನಿನ ಕೆಳಗೆ ಹರವಿ, ಬೆಳಿಗ್ಗೆ ಬಿಸಿಲಿಗೆ ಹಾಕಿದ್ದಳು. ಒಂದು ಚೂರು ಹೊಸ ಹೋಳಿಗೆ ಇಟ್ಟು ಮೂಲೆ ಹೊಲಿದಿದ್ದಳು. (ಈ ಸಲ ಚೂರೇ. ಸ್ವಂತ ಮನೆಯಲ್ಲವೇ.) ಅದನ್ನು ತೊಟ್ಟಿಲಿನಲ್ಲಿ ಮಡಚಿ ಹಾಸಿ ಕೂಸನ್ನು ಮಲಗಿಸಿದರು. ಹೆಂಗಸರು ಹಾಡು ಹೇಳಿದರು. ಕೂಸು ಒಮ್ಮೆ ಆಕಳಿಸಿ, ಮುತ್ತಜ್ಜಿಯ ಸೀರೆಯೊಳಗೆ ಮುಖ ಒತ್ತಿ ನಿದ್ದೆ ಹೋಯಿತು. ರೇಣುಕಾ ಅತ್ತಳು. ಅವಳನ್ನು ನೋಡಿ ಅವಳವ್ವ ಅತ್ತಳು. ಸುಸ್ತು ಎಂಬುದು ಎಲ್ಲಿ ಹೋಯಿತೋ ಒಂದು ಗಳಿಗೆ ತಿಳಿಯಲೇ ಇಲ್ಲ.

ಊಟಕ್ಕೆ ಎಲೆ ಹಾಕುವಾಗ ತಾನ್ಯಾಳ ಫೋನು. ಕೌದಿ ವಾಪಸ್ ಕೇಳಲೆಂದೇ ಎಂದುಕೊಂಡು, ಬೈಯಲು ತಯಾರಾಗಿ ಎತ್ತಿದೆ.

‘ಮೇಡಂ, ನಿನ್ನೆ ಆ ತಂಡದವರು ತೆಗೆದ ವಿಡಿಯೋ ನಿರ್ದೇಶಕರು ನೋಡಿದರು. ತುಂಬಾ ಖುಷಿಯಾಗಿದ್ದಾರೆ. ಇಡೀ ಸೀಸನ್ನಿನಲ್ಲಿ ಇದೇ ಬೆಸ್ಟ್ ಅಂದರು. ಶನಿವಾರ ಸಮಾರೋಪ ಇದೆ. ಅವರು ಇನ್ನೊಮ್ಮೆ ಬಂದು ಹಾಗೇ ಮಾಡ್ತಾರಾ? ಕೌದಿಯನ್ನು ಬೆಳಿಗ್ಗೆಯೇ ತಂದು ನಾವೇ ಗೋಡೆಗೆ ಕಟ್ಟಿರ್ತೀವಿ, ಅವರು ಬಂದು ಬಿಚ್ಚಿಕೊಂಡು ಹೋದರೆ ಸಾಕು.’

ನಾನು ಫೋನಿಗೆ ಕೈ ಅಡ್ಡ ಹಿಡಿದು, ಒಂದಕ್ಷರವೂ ಬಿಡದೆ ಸಾವಂತ್ರೆವ್ವನಿಗೆ ಹೇಳಿದೆ. ಅವಳು ತೊಟ್ಟಿಲಿಗೆ ಬಗ್ಗಿ, ಕೂಸಿನ ಅಡಿಗೆ ಕೈ ಹಾಕಿ ನೋಡಿ, ನಗುತ್ತ ನನ್ನ ಕಡೆ ತಿರುಗಿದಳು.

‘ಈಗs ಉಚ್ಚಿ ಹೊಯ್ದಾಳ್ರಿ ಅದರ ಮ್ಯಾಲ. ನಡೀತೈತೇನು ಕೇಳ್ರಿ?’